ಬಚ್ಚಲ ನೆಲವೇಕೆ ಆರುವುದಿಲ್ಲ?

ಬೆಳಗಿನ ಸ್ನಾನಗಳೆಲ್ಲ ಮುಗಿದು ನಾಲ್ಕೈದು ಗಂಟೆ ಕಳೆದ ಮೇಲೆ ಬಚ್ಚಲುಮನೆಯ ಬಾಗಿಲು ತೆರೆದು ನೋಡಿದರೆ, ಟೈಲು ಹಾಸಿದ ಅನೇಕ ಮನೆಗಳಲ್ಲಿ ಒಂದೇ ಬಗೆಯ ನೋಟ ಕಾಣಿಸುತ್ತದೆ. ಗೋಡೆ ಆರಿರುತ್ತದೆ, ಬಾಗಿಲ ಬಳಿಯ ನೆಲವೂ ಆರಿರುತ್ತದೆ, ಆದರೆ ನೀರು ಹೊರಹೋಗುವ ಜಾಲರಿಯ ಸುತ್ತ ಒಂದು ಗೇಣಿನಷ್ಟು ನೆಲ ಮಾತ್ರ ಒದ್ದೆಯಾಗಿಯೇ ಉಳಿದಿರುತ್ತದೆ. ಅಲ್ಲಿಯ ಟೈಲುಗಳ ನಡುವಣ ಸಂದುಗಳು ಕಪ್ಪಿಟ್ಟಿರುತ್ತವೆ. ಕೆಲವು ಮನೆಗಳಲ್ಲಿ ಈ ಒದ್ದೆ ಸಂಜೆಗೂ ಆರುವುದಿಲ್ಲ; ಮನೆಮಂದಿ ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದರೂ ಆರಿರುವುದಿಲ್ಲ.

ಆಗ ಮನೆಯಲ್ಲಿ ಚರ್ಚೆ ಮೊದಲಾಗುತ್ತದೆ. ನೆಲಕ್ಕೆ ಇಳಿಜಾರು ಸಾಲದೆಂದು ಒಬ್ಬರು, ಒಳಗಿನ ಪೈಪು ಒಡೆದಿದೆಯೆಂದು ಇನ್ನೊಬ್ಬರು, ಟೈಲೇ ಕಳಪೆಯೆಂದು ಮತ್ತೊಬ್ಬರು ಹೇಳುತ್ತಾರೆ. ಕೊನೆಗೆ ಗಾರೆ ಕೆಲಸದವರನ್ನು ಕರೆಸಿ ನೆಲವನ್ನೆಲ್ಲ ಅಗೆಸುವುದೂ ಉಂಟು. ಊಹೆ ಸರಿಯಾಗಿದ್ದರೆ ಒಳ್ಳೆಯದೇ. ತಪ್ಪಾಗಿದ್ದರೆ ಹಣವೂ ಹೋಯಿತು, ಹೊಸ ಟೈಲಿನ ಸುತ್ತ ಹಳೆಯ ಒದ್ದೆಯೂ ಮರಳಿ ಬಂದಿತು.

ಜ್ವರವೆಂಬುದು ಒಂದೇ ಲಕ್ಷಣವಾದರೂ ಅದಕ್ಕೆ ಕಾರಣವಾದ ರೋಗಗಳು ಹಲವಾಗಿರುವಂತೆ, ಜಾಲರಿಯ ಸುತ್ತಣ ಒದ್ದೆಗೂ ಕಾರಣಗಳು ಹಲವು. ಮುಖ್ಯವಾದವು ನಾಲ್ಕು: ನೆಲದ ಮೇಲೆ ಉಳಿದ ನೀರು, ಟೈಲಿನ ಕೆಳಗೆ ಸಂಗ್ರಹವಾದ ನೀರು, ನೀರನ್ನು ಹೊತ್ತೊಯ್ಯಲಾರದ ಗಾಳಿ, ಮತ್ತು ಎಲ್ಲಿಂದಲೋ ಸೋರುತ್ತಿರುವ ಪೈಪು. ಕಣ್ಣಿಗೆ ಇವು ನಾಲ್ಕೂ ಒಂದೇ. ಆದರೆ ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ಮದ್ದಲ್ಲ. ಆದುದರಿಂದ ನೆಲವನ್ನು ಒಡೆಯುವುದಕ್ಕೆ ಮುಂಚೆ, ಆ ನೀರು ಎಲ್ಲಿಂದ ಬಂದುದೆಂಬುದನ್ನು ನಾವು ನಿರ್ಧರಿಸಬೇಕು. ಅದಕ್ಕೆ ಬೇಕಾದ ಉಪಕರಣಗಳು ಒಂದು ಒಣಬಟ್ಟೆ, ಒಂದು ಪ್ಲಾಸ್ಟಿಕ್ ಹಾಳೆ, ಒಂದು ಬಕೀಟು ಮತ್ತು ಸ್ವಲ್ಪ ತಾಳ್ಮೆ, ಅಷ್ಟೇ.

ಮೇಲೆ ನಿಂತ ನೀರು

ನೀರು ತಗ್ಗಿಗೆ ಹರಿಯುತ್ತದೆಂಬುದನ್ನು ಎಲ್ಲರೂ ಬಲ್ಲೆವು. ಆದರೆ ಕೊನೆಯ ಹನಿಯವರೆಗೂ ಹರಿಯುವುದಿಲ್ಲವೆಂಬುದನ್ನು ಮರೆಯುತ್ತೇವೆ. ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಅದರ ಹೊರಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಇದೇ ಮೇಲ್ಮೈ ಎಳೆತ. ನೀರಿನ ಪದರ ದಪ್ಪವಾಗಿರುವಾಗ ಭೂಮಿಯ ಆಕರ್ಷಣೆ ಗೆಲ್ಲುತ್ತದೆ, ನೀರು ಹರಿಯುತ್ತದೆ. ಪದರ ಒಂದೆರಡು ಮಿಲಿಮೀಟರಿನಷ್ಟು ತೆಳುವಾದಾಗ ಮೇಲ್ಮೈ ಎಳೆತವೂ ಟೈಲಿಗೆ ಅಂಟಿಕೊಳ್ಳುವ ಗುಣವೂ ಮೇಲುಗೈ ಪಡೆದು, ಸಮನೆಲದಲ್ಲಿ ನೀರು ಇದ್ದಲ್ಲಿಯೇ ನಿಂತುಬಿಡುತ್ತದೆ. ಒಂದು ಚದರ ಮೀಟರು ನೆಲದ ಮೇಲೆ ೧ ಮಿಲಿಮೀಟರು ನೀರು ನಿಂತರೆ ಅದು ಪೂರ್ತಿ ಒಂದು ಲೀಟರು!

ಈ ಕಾರಣದಿಂದಲೇ ಬಚ್ಚಲ ನೆಲಕ್ಕೆ ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಇಳಿಜಾರನ್ನು ಕೊಡುವ ವಾಡಿಕೆ. ಆದರೆ ಇಡೀ ನೆಲದ ಇಳಿಜಾರು ಸರಿಯಾಗಿದ್ದರೂ ಜಾಲರಿಯ ಬಳಿಯಲ್ಲಿ ತಪ್ಪು ನಡೆದಿರಬಹುದು. ದೊಡ್ಡ ಟೈಲುಗಳನ್ನು ನಾಲ್ಕು ಕಡೆಯಿಂದ ಒಂದೇ ತಗ್ಗಿಗೆ ಇಳಿಸುವುದು ಸುಲಭವಲ್ಲ. ಜಾಲರಿಯ ಅಂಚು ಟೈಲಿಗಿಂತ ಎರಡೇ ಮಿಲಿಮೀಟರು ಎತ್ತರವಾಗಿ ಕುಳಿತಿದ್ದರೂ ಸಾಕು. ಅದೊಂದು ಪುಟ್ಟ ಅಣೆಕಟ್ಟು. ಅದರ ಹಿಂದೆ ದಿನವೂ ಒಂದು ಪುಟ್ಟ ಕೆರೆ. ಸಾಬೂನಿನ ಜಿಡ್ಡು, ಕೂದಲು, ಲೋಳೆ ಸೇರಿದರೆ ಆ ಕೆರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಟೈಲಿನ ಕೆಳಗಿನ ಜಲಾಶಯ

ಟೈಲು ಹಾಸಿದ ನೆಲದಲ್ಲಿ ನೀರು ಇಳಿಯುವುದಿಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ಟೈಲಿನ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ವಿಟ್ರಿಫೈಡ್ ಎಂಬ ಬಗೆಯ ಟೈಲು ತನ್ನ ತೂಕದ ಶೇಕಡಾ ೦.೫ಕ್ಕಿಂತ ಹೆಚ್ಚು ನೀರನ್ನು ಹೀರಬಾರದೆಂಬುದು ನಿಯಮ. ಆದರೆ ನೆಲವೆಂದರೆ ಟೈಲು ಮಾತ್ರವಲ್ಲ. ಟೈಲುಗಳ ನಡುವೆ ಸಂದುಗಳಿವೆ. ಆ ಸಂದುಗಳನ್ನು ತುಂಬುವ ಸಿಮೆಂಟಿನ ಗ್ರೌಟ್ ಸಣ್ಣ ರಂಧ್ರಗಳಿಂದ ಕೂಡಿದ ವಸ್ತು. ಸಿಮೆಂಟು ಗಟ್ಟಿಯಾಗುವಾಗ ತನ್ನ ತೂಕದ ಸುಮಾರು ಕಾಲುಭಾಗದಷ್ಟು ನೀರನ್ನು ಮಾತ್ರ ರಾಸಾಯನಿಕವಾಗಿ ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ಕಲಸಲು ಅನುಕೂಲವಾಗಲೆಂದು ನಾವು ಸುರಿದ ಹೆಚ್ಚಿನ ನೀರು ಇದ್ದ ಜಾಗ ಕಡೆಗೆ ರಂಧ್ರಗಳಾಗಿ ಉಳಿಯುತ್ತದೆ. ಟೈಲಿನ ಕೆಳಗಿನ ಗಾರೆಯೂ ಇಂತಹುದೇ.

ಸಣ್ಣ ರಂಧ್ರಗಳಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿಯುಂಟು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಈ ಶಕ್ತಿಯಿಂದಲೇ. ಕೂದಲಿನಂತಹ ಕಿರಿದಾದ ಕೊಳವೆಗಳಲ್ಲಿ ಕಾಣುವುದರಿಂದ ಇದಕ್ಕೆ ಕೇಶಾಕರ್ಷಣವೆಂದು ಹೆಸರು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ ಎಂಬಾತನು ೧೭೧೮ರಲ್ಲಿ ಇದರ ನಿಯಮವನ್ನು ಪ್ರಕಟಿಸಿದನು: ಕೊಳವೆ ಎಷ್ಟು ಕಿರಿದೋ ನೀರು ಅಷ್ಟು ಎತ್ತರಕ್ಕೆ ಏರುವುದು. ೧ ಮಿಲಿಮೀಟರು ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು ೩ ಸೆಂಟಿಮೀಟರು ಏರಿದರೆ, ೦.೧ ಮಿಲಿಮೀಟರಿನದರಲ್ಲಿ ಸುಮಾರು ೩೦ ಸೆಂಟಿಮೀಟರು ಏರುತ್ತದೆ. ಗಾರೆಯ ಬಹುಪಾಲು ರಂಧ್ರಗಳು ಇದಕ್ಕಿಂತಲೂ ಕಿರಿದು. ಹೀಗಿರುವಲ್ಲಿ ನಾಲ್ಕು ಸೆಂಟಿಮೀಟರಿನ ಗಾರೆಯ ಪದರ ತಳದಿಂದ ಮೇಲಿನವರೆಗೂ ನೆನೆದಿರುವುದರಲ್ಲಿ ಆಶ್ಚರ್ಯವೇನು?

ಆ ಪದರದಲ್ಲಿ ಎಷ್ಟು ನೀರು ಹಿಡಿದೀತು? ಗಾತ್ರದಲ್ಲಿ ಐದನೆಯ ಒಂದು ಪಾಲು ರಂಧ್ರವೆಂದು ಎಣಿಸಿದರೆ, ನಾಲ್ಕು ಸೆಂಟಿಮೀಟರು ದಪ್ಪದ ಗಾರೆಯಲ್ಲಿ ಚದರ ಮೀಟರಿಗೆ ೮ ಲೀಟರು. ನಾವು ಒಣಗಿದ ನೆಲವೆಂದು ಕಾಲಿಟ್ಟು ನಡೆಯುವ ಟೈಲಿನ ಕೆಳಗೆ ಅರ್ಧ ಬಕೀಟಿನಷ್ಟು ನೀರು ಅಡಗಿರಬಹುದು!

ಈಗ ಇನ್ನೊಂದು ಲೆಕ್ಕ. ೩೦ ಸೆಂಟಿಮೀಟರಿನ ಟೈಲುಗಳನ್ನು ೩ ಮಿಲಿಮೀಟರಿನ ಸಂದು ಬಿಟ್ಟು ಹಾಸಿದರೆ, ಇಡೀ ನೆಲದಲ್ಲಿ ಸಂದುಗಳ ಪಾಲು ಸುಮಾರು ಶೇಕಡಾ ೨ ಮಾತ್ರ. ನೀರು ಒಳಗೆ ಹೋಗುವುದೂ ಈ ಎರಡು ಪಾಲಿನ ಮೂಲಕವೇ, ಹೊರಗೆ ಬರುವುದೂ ಇದರ ಮೂಲಕವೇ. ಆದರೆ ಹೋಗುವಾಗ ಅದು ದ್ರವವಾಗಿ, ಕೇಶಾಕರ್ಷಣದ ಸೆಳೆತದಿಂದ ಬೇಗನೆ ಹೋಗುತ್ತದೆ. ಬರುವಾಗ ಆವಿಯಾಗಿ ಬರಬೇಕು. ಮೊದಮೊದಲು ಸಂದಿನ ಮೇಲ್ಮೈಗೆ ಕೆಳಗಿನಿಂದ ನೀರು ಏರಿ ಬರುತ್ತಿರುವುದರಿಂದ ಆರುವಿಕೆ ಒಂದೇ ವೇಗದಲ್ಲಿ ನಡೆಯುತ್ತದೆ. ಮೇಲ್ಮೈ ಒಣಗಿದ ಅನಂತರ ಒಳಗಿನ ಆವಿ ರಂಧ್ರಗಳ ಮೂಲಕ ಮೆಲ್ಲಮೆಲ್ಲನೆ ನುಸುಳಿ ಬರಬೇಕು. ಆಗ ವೇಗ ಬಹಳ ಕುಂದುತ್ತದೆ. ಹತ್ತು ನಿಮಿಷದ ಸ್ನಾನದಲ್ಲಿ ಒಳಹೊಕ್ಕ ನೀರು ಹೊರಬರಲು ದಿನಗಳೇ ಹಿಡಿಯುವುದು ಈ ಕಾರಣದಿಂದ. ಅಷ್ಟರಲ್ಲಿ ಮರುದಿನದ ಸ್ನಾನ ಬಂದಿರುತ್ತದೆ.

ಇನ್ನು, ಈ ಒದ್ದೆ ಜಾಲರಿಯ ಸುತ್ತಲೇ ಏಕೆ? ಗಾರೆಯೊಳಗಿನ ನೀರು ಕೂಡ ಭೂಮಿಯ ಆಕರ್ಷಣೆಗೆ ಒಳಪಟ್ಟು ಮೆಲ್ಲಗೆ ತಗ್ಗಿನ ಕಡೆಗೆ ಸಾಗುತ್ತದೆ. ಅಲ್ಲಿ ಅದಕ್ಕೆ ಹೊರಹೋಗುವ ದಾರಿಯಿಲ್ಲದಿದ್ದರೆ ಜಾಲರಿಯ ಸುತ್ತ ಸೇರಿ ನಿಲ್ಲುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಬಗೆಯ ಷವರ್ ಜಾಲರಿಗೆ ಎರಡು ದಾರಿಗಳಿವೆ: ಮೇಲಿನ ನೀರಿಗೆ ಜಾಲರಿ, ಗಾರೆಯೊಳಗಿನ ನೀರಿಗೆ, ಅದರ ಕೆಳಗೆ ಸುತ್ತಲೂ ಕೊರೆದ ಚಿಕ್ಕ ತೂತುಗಳು. ಕೆಲಸಗಾರನು ಗಾರೆ ಮೆತ್ತಿ ಆ ತೂತುಗಳನ್ನು ಮುಚ್ಚಿಬಿಟ್ಟರೆ ಸುತ್ತಣ ನೆಲ ಎಂದಿಗೂ ಆರುವುದಿಲ್ಲ. ಆದುದರಿಂದ ತೂತುಗಳ ಸುತ್ತ ಸಣ್ಣ ಜಲ್ಲಿಯನ್ನು ತುಂಬುವುದುಂಟು. ನಮ್ಮಲ್ಲಿಯ ಅನೇಕ ಕಟ್ಟಡಗಳಲ್ಲಿ ಬಚ್ಚಲಿನ ಕಾಂಕ್ರೀಟು ಚಪ್ಪಡಿಯನ್ನು ಬೇರೆ ಕೋಣೆಗಳಿಗಿಂತ ತಗ್ಗಿಸಿ, ಆ ಹಳ್ಳದಲ್ಲಿ ಪೈಪುಗಳನ್ನಿಟ್ಟು, ಇಟ್ಟಿಗೆಯ ಚೂರು ಮುಂತಾದವನ್ನು ತುಂಬಿ, ಮೇಲೆ ಟೈಲು ಹಾಸುತ್ತಾರೆ. ಇದನ್ನೇ ಸಂಕನ್ ಸ್ಲ್ಯಾಬ್ ಎನ್ನುವುದು. ಇಳಿದ ನೀರಿಗೆ ಹೊರದಾರಿ ಇಡದಿದ್ದರೆ ಆ ಹಳ್ಳವೇ ತೊಟ್ಟಿಯಾಗುತ್ತದೆ.

ಗಾಳಿ ಎಷ್ಟು ನೀರನ್ನು ಹೊತ್ತೀತು?

ಮೂರನೆಯ ಕಾರಣ ಕಣ್ಣಿಗೆ ಕಾಣದುದು. ೨ ಮೀಟರು ಉದ್ದ, ೧.೫ ಮೀಟರು ಅಗಲ, ೨.೫ ಮೀಟರು ಎತ್ತರದ ಬಚ್ಚಲುಮನೆಯಲ್ಲಿ ೭.೫ ಘನ ಮೀಟರು ಗಾಳಿಯಿದೆ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ೨೩ ಗ್ರಾಮು ನೀರಾವಿಯನ್ನು ಹಿಡಿಯಬಲ್ಲದು. ಇಡೀ ಕೋಣೆಯ ಗಾಳಿ ಸುಮಾರು ೧೭೨ ಗ್ರಾಮು. ಮಳೆಗಾಲದ ಒಂದು ದಿನ ಸಾಪೇಕ್ಷ ಆರ್ದ್ರತೆ ಶೇಕಡಾ ೮೦ ಇದೆಯೆನ್ನೋಣ. ಆಗ ಗಾಳಿಯಲ್ಲಿ ಇನ್ನು ಹಿಡಿಸುವುದು ೩೫ ಗ್ರಾಮಿನಷ್ಟು ಮಾತ್ರ. ಆದರೆ ೩ ಚದರ ಮೀಟರಿನ ನೆಲದ ಮೇಲೆ ೦.೧ ಮಿಲಿಮೀಟರಿನ ತೆಳುಪದರ ಉಳಿದರೂ ಅದು ೩೦೦ ಗ್ರಾಮು. ಅಂದರೆ ಕೋಣೆಯ ಗಾಳಿ ಸುಮಾರು ಒಂಬತ್ತು ಬಾರಿ ಪೂರ್ತಿಯಾಗಿ ಬದಲಾಗದೆ ನೆಲ ಆರುವಂತೆಯೇ ಇಲ್ಲ. ಆರ್ದ್ರತೆ ಶೇಕಡಾ ೯೦ಕ್ಕೇರಿದರೆ ಹದಿನೇಳು ಹದಿನೆಂಟು ಬಾರಿ ಬದಲಾಗಬೇಕು. ಕಿಟಕಿ ಮುಚ್ಚಿ, ಬಾಗಿಲು ಹಾಕಿಟ್ಟ ಬಚ್ಚಲಿನಲ್ಲಿ ಇದು ಸಾಧ್ಯವೆ?

ಆವಿಯಾಗಲು ಶಾಖವೂ ಬೇಕು. ಈ ಉಷ್ಣತೆಯಲ್ಲಿ ಒಂದು ಗ್ರಾಮು ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಬೇಕಾಗುತ್ತದೆ. ಆ ೩೦೦ ಗ್ರಾಮಿಗೆ ಬೇಕಾಗುವ ಶಾಖದಿಂದ ಎರಡು ಲೀಟರಿಗೂ ಸ್ವಲ್ಪ ಹೆಚ್ಚು ನೀರನ್ನು ೨೦ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಬಹುದು. ಹಿಂದಿನ ಕಾಲದ ನಮ್ಮ ಬಚ್ಚಲುಮನೆಗಳಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಹೆಂಚಿನ ಮಾಡಿನ ಸಂದುಗಳಿಂದ ಹೊಗೆಯೊಡನೆ ತೇವದ ಗಾಳಿಯೂ ಹೊರಹೋಗುತ್ತಿತ್ತು. ಇಂದಿನ ಬಚ್ಚಲಿನಲ್ಲಿ ಒಲೆಯೂ ಇಲ್ಲ, ಆ ಸಂದುಗಳೂ ಇಲ್ಲ.

ನಹಾನಿ ಟ್ರ್ಯಾಪಿನ ಕತ್ತು

ಜಾಲರಿಯ ಕೆಳಗೆ ಇರುವ ಬಟ್ಟಲಿನಂತಹ ಭಾಗವನ್ನು ಕೊಳಾಯಿ ಕೆಲಸದವರು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ೫ ಸೆಂಟಿಮೀಟರಿನಷ್ಟು ನೀರು ಯಾವಾಗಲೂ ನಿಂತಿರಬೇಕು. ಚರಂಡಿಯ ದುರ್ಗಂಧವು ಮನೆಯೊಳಗೆ ಬಾರದಂತೆ ತಡೆಯುವುದು ಈ ನೀರೇ. ಬಾಗಿದ ಕೊಳವೆಯಲ್ಲಿ ನೀರನ್ನು ನಿಲ್ಲಿಸಿ ವಾಸನೆಯನ್ನು ತಡೆಯುವ ಈ ಉಪಾಯಕ್ಕೆ ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮಿಂಗ್ ಎಂಬಾತನು ೧೭೭೫ರಲ್ಲಿ ಹಕ್ಕುಪತ್ರವನ್ನು ಪಡೆದನು. ಆದುದರಿಂದ ಟ್ರ್ಯಾಪಿನೊಳಗೆ ಕಾಣುವ ನೀರನ್ನು ದೋಷವೆಂದು ತಿಳಿಯಬಾರದು.

ದೋಷ ಬರುವುದು ಅದರ ಕತ್ತಿನಲ್ಲಿ. ಟ್ರ್ಯಾಪಿನ ಪ್ಲಾಸ್ಟಿಕ್ ಅಥವಾ ಲೋಹ ಒಂದು ವಸ್ತು. ಸುತ್ತಣ ಗಾರೆ ಇನ್ನೊಂದು. ಬಿಸಿನೀರು ಬಿದ್ದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ದಿನವೂ ಹಿಗ್ಗಿ ಕುಗ್ಗಿ, ಎರಡರ ನಡುವೆ ಕೂದಲೆಳೆಯಂತಹ ಬಿರುಕು ಮೂಡಬಹುದು. ಜಾಲರಿಗೆ ಹರಿದ ನೀರಿನಲ್ಲಿ ಒಂದು ಪಾಲು ಆ ಬಿರುಕಿನಿಂದ ನೆಲದೊಳಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಟ್ರ್ಯಾಪಿನ ಕೆಳಗಿನ ಪೈಪಿನ ಜೋಡಣೆಯೂ, ಗೋಡೆಯೊಳಗೆ ಒತ್ತಡದಲ್ಲಿ ನೀರು ತರುವ ಪೈಪೂ ಸೋರಬಹುದು.

ಪರೀಕ್ಷಿಸುವ ಬಗೆ

ಈಗ ಪರೀಕ್ಷೆಗೆ ಬರೋಣ. ಇಲ್ಲಿ ಪಾಲಿಸತಕ್ಕ ನಿಯಮ ಪ್ರಯೋಗಶಾಲೆಯಲ್ಲಿ ಪಾಲಿಸುವುದೇ: ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು, ಕಂಡುದನ್ನು ಹೊತ್ತು ಸಹಿತ ಬರೆದಿಡಬೇಕು.

ಮೊದಲನೆಯದು ಬಟ್ಟೆಯ ಪರೀಕ್ಷೆ. ಸ್ನಾನಗಳು ಮುಗಿದೊಡನೆ ನೆಲವನ್ನು ಒಣಬಟ್ಟೆಯಿಂದ ಪೂರ್ತಿಯಾಗಿ ಒರಸಿ, ಕಿಟಕಿ ಬಾಗಿಲುಗಳನ್ನು ತೆರೆದಿಡೋಣ. ನೆಲ ಹಾಗೆಯೇ ಒಣಗಿ ಉಳಿದರೆ ಒದ್ದೆ ಮೇಲಿನದೇ. ಒಂದೆರಡು ಗಂಟೆಯಲ್ಲಿ ಸಂದುಗಳು ಗೆರೆಗೆರೆಯಾಗಿ ಮತ್ತೆ ಕಪ್ಪಾದರೆ ನೀರು ಕೆಳಗಿನಿಂದ ಬರುತ್ತಿದೆ. ಕಪ್ಪಾಗುವುದೇಕೆಂದರೆ, ಒಣಗಿದ ಗ್ರೌಟಿನ ರಂಧ್ರಗಳಲ್ಲಿ ಗಾಳಿಯಿರುವಾಗ ಬೆಳಕು ಹೆಚ್ಚಾಗಿ ಚೆದುರಿ ನಮ್ಮ ಕಣ್ಣಿಗೆ ಮರಳುತ್ತದೆ. ರಂಧ್ರಗಳಲ್ಲಿ ನೀರು ತುಂಬಿದಾಗ ಚೆದುರುವುದು ಕಡಮೆಯಾಗಿ, ಬೆಳಕು ಒಳಗೇ ಹೀರಲ್ಪಡುತ್ತದೆ.

ಒದ್ದೆ ಮೇಲಿನದೆಂದು ತಿಳಿದರೆ, ಮರುದಿನ ನೆಲವನ್ನು ಒರಸದೆ, ಬಾಗಿಲಿನ ಹೊರಗೆ ಒಣಗಿದ ಜಾಗದಲ್ಲಿ ಮೇಜಿನ ಫ್ಯಾನನ್ನಿಟ್ಟು ಒಳಕ್ಕೆ ಗಾಳಿ ಬಿಡೋಣ. ನೆಲ ಬೇಗ ಆರಿದರೆ ಗಾಳಿಯ ಕೊರತೆಯೇ ಕಾರಣ. ಜಾಲರಿಯ ಪಕ್ಕದಲ್ಲಿ ಕೆರೆ ಹಾಗೆಯೇ ನಿಂತಿದ್ದರೆ ಇಳಿಜಾರಿನ ದೋಷ.

ಎರಡನೆಯದು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಒರಸಿ ಒಣಗಿಸಿದ ಜಾಗದ ಮೇಲೆ ಪಾರದರ್ಶಕ ಹಾಳೆಯನ್ನು ಹರಡಿ, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ ಒಂದು ರಾತ್ರಿ ಬಿಡೋಣ. ಹಾಳೆಯ ಕೆಳಮೈಯಲ್ಲಿ ಹನಿಗಳು ಕೂಡಿದರೆ ತೇವ ನೆಲದೊಳಗಿನದು. ಮೇಲ್ಮೈಯಲ್ಲಿ ಮಾತ್ರ ಕೂಡಿದರೆ ಗಾಳಿಯದು.

ಒಳಗಿನದೆಂದು ಖಚಿತವಾದರೆ ಮೂರನೆಯ ಪ್ರಶ್ನೆ: ಇದು ಹಿಂದೆ ಸೇರಿದ ನೀರೋ, ಈಗಲೂ ಸೇರುತ್ತಿರುವ ನೀರೋ? ಸಾಧ್ಯವಿದ್ದರೆ ಮೂರು ನಾಲ್ಕು ದಿನ ಆ ಬಚ್ಚಲನ್ನು ಬಳಸದೆ, ಒದ್ದೆಯ ಅಂಚನ್ನು ದಿನವೂ ಮೇಣದ ಬಣ್ಣದ ಕಡ್ಡಿಯಿಂದ ಗುರುತಿಸಿ ದಿನಾಂಕ ಬರೆಯೋಣ. ಗೆರೆಗಳು ಒಂದರೊಳಗೊಂದು ಕುಗ್ಗುತ್ತ ಹೋದರೆ ಅದು ಹಳೆಯ ಸಂಗ್ರಹ. ಕುಗ್ಗದಿದ್ದರೆ ಒತ್ತಡದ ಪೈಪನ್ನು ಶಂಕಿಸಬೇಕು. ಆಗ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ರಾತ್ರಿಯೆಲ್ಲ ಮೇಲಿನ ತೊಟ್ಟಿಯ ನೀರಿನ ಮಟ್ಟ ಇಳಿಯುವುದೇ ಎಂದು ನೋಡಬೇಕು.

ನಾಲ್ಕನೆಯದು ಟ್ರ್ಯಾಪಿನ ಪರೀಕ್ಷೆ. ಒದ್ದೆ ಕುಗ್ಗಿದ ಮೇಲೆ, ನೆಲಕ್ಕೆ ಹನಿಯೂ ಬೀಳದಂತೆ, ರಬ್ಬರಿನ ಕೊಳವೆಯ ತುದಿಯನ್ನು ಟ್ರ್ಯಾಪಿನೊಳಕ್ಕೆ ಇಳಿಸಿ ಎರಡು ಬಕೀಟು ನೀರನ್ನು ಬಿಡೋಣ. ಒದ್ದೆ ಮತ್ತೆ ಹರಡಿದರೆ ದೋಷವು ಟ್ರ್ಯಾಪಿನಲ್ಲಿ ಅಥವಾ ಅದರ ಕೆಳಗಿನ ಪೈಪಿನಲ್ಲಿದೆ. ಹರಡದಿದ್ದರೆ ಕೊನೆಯ ಪರೀಕ್ಷೆ: ಟ್ರ್ಯಾಪಿನ ಬಾಯನ್ನು ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಸೆಂಟಿಮೀಟರು ನೀರು ನಿಲ್ಲಿಸಿ, ಮಟ್ಟವನ್ನು ಗುರುತು ಮಾಡಿ ಒಂದು ದಿನ ಬಿಡಬೇಕು. ಪಕ್ಕದಲ್ಲಿ ಒಂದು ತಟ್ಟೆಯಲ್ಲಿಯೂ ಅಷ್ಟೇ ಆಳದ ನೀರನ್ನಿಡಬೇಕು. ಆವಿಯಾಗಿ ಹೋದುದೆಷ್ಟೆಂಬುದನ್ನು ಆ ತಟ್ಟೆ ಹೇಳುತ್ತದೆ. ನೆಲದ ನೀರು ತಟ್ಟೆಯದಕ್ಕಿಂತ ಹೆಚ್ಚು ಇಳಿದಿದ್ದರೆ, ಮುಚ್ಚಳ ಸೋರಿಲ್ಲವೆಂದು ನೋಡಿಕೊಂಡ ಮೇಲೆ, ನೆಲವೇ ನೀರನ್ನು ಕುಡಿಯುತ್ತಿದೆಯೆಂದು ತಿಳಿಯಬೇಕು. ಕೆಳಗಿನ ಮನೆಯ ಚಾವಣಿಯಲ್ಲಿ ಈಗಾಗಲೇ ಕಲೆ ಬಿದ್ದಿದ್ದರೆ ಮಾತ್ರ ಈ ಪರೀಕ್ಷೆಯನ್ನು ಮಾಡಕೂಡದು. ನೇರವಾಗಿ ತಿಳಿದವರನ್ನು ಕರೆಸಬೇಕು.

ಸಂದುಗಳುದ್ದಕ್ಕೂ ಬಿಳಿಯ ಪುಡಿ ಅರಳಿದ್ದರೆ ಅದೂ ಒಂದು ಸಾಕ್ಷಿ. ಸಿಮೆಂಟಿನಲ್ಲಿರುವ ಸುಣ್ಣ ನೀರಿನಲ್ಲಿ ಕರಗಿ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಕೊಳವೆಬಾವಿಯ ಗಡಸುನೀರು ಆರಿದಾಗಲೂ ಇಂತಹ ಬಿಳುಪು ಉಳಿಯುತ್ತದೆ. ಆದರೆ ಅದು ಟೈಲಿನ ಮೈಮೇಲೆಲ್ಲ ಇರುತ್ತದೆ. ಸಂದಿನಲ್ಲಿ ಮಾತ್ರ ಇದ್ದರೆ ನೀರು ಒಳಗಿನಿಂದ ಬಂದುದೆಂದು ಊಹಿಸಬಹುದು.

ಮದ್ದು

ಕಾರಣ ತಿಳಿದ ಮೇಲೆ ಮದ್ದು ಕಠಿಣವಲ್ಲ. ಮೇಲಿನ ನೀರಾದರೆ, ರಬ್ಬರಿನ ಪಟ್ಟಿಯಿಂದ ದಿನವೂ ತಳ್ಳುವುದು, ಹೆಚ್ಚೆಂದರೆ ಜಾಲರಿಯನ್ನೂ ಸುತ್ತಣ ನಾಲ್ಕು ಟೈಲುಗಳನ್ನೂ ತಗ್ಗಿಸಿ ಕೂರಿಸುವುದು. ಗಾಳಿಯ ದೋಷವಾದರೆ, ಮೇಲುಗಡೆ ಗಾಳಿಯನ್ನು ಹೊರದೂಡುವ ಫ್ಯಾನು. ಅದರ ಜೊತೆಗೆ ಬಾಗಿಲಿನ ಕೆಳಗೆ ಗಾಳಿ ಒಳಬರಲು ಸಂದು. ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಗಾಳಿ ಬದಲಾಗದು. ಟ್ರ್ಯಾಪಿನ ದೋಷವಾದರೆ ಅದರ ಸುತ್ತ ಮಾತ್ರ ಅಗೆದು ಸರಿಪಡಿಸಿದರೆ ಸಾಕು. ಇಡೀ ನೆಲವನ್ನು ತೆಗೆಸಬೇಕಾದುದು ಗಾರೆಯ ಕೆಳಗಿನ ನೀರುತಡೆ ಪದರವೇ ಕೆಟ್ಟಿರುವಾಗ ಮಾತ್ರ. ಆಗಲೂ, ಹೊಸ ಪದರಕ್ಕೇ ಇಳಿಜಾರು ಕೊಟ್ಟು ಅದನ್ನು ಟ್ರ್ಯಾಪಿನವರೆಗೆ ತಂದು ಸೇರಿಸದಿದ್ದರೆ ಫಲವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಒದ್ದೆ ಕಂಡೊಡನೆ ಸಂದುಗಳ ಮೇಲೆ ನೀರು ಹಿಡಿಸದ ಎಪಾಕ್ಸಿ ಗ್ರೌಟನ್ನೋ ಲೇಪವನ್ನೋ ಮೆತ್ತಿಸುವವರಿದ್ದಾರೆ. ಒಳಗಿನ ಗಾರೆ ಆರುವ ಮುನ್ನ ಹೀಗೆ ಮಾಡಿದರೆ ಇದ್ದ ಶೇಕಡಾ ೨ರ ದಾರಿಯನ್ನೂ ಮುಚ್ಚಿದಂತಾಯಿತು. ಮೇಲೆ ನೆಲ ಒಣಗಿದಂತೆ ಕಾಣುತ್ತದೆ. ಒಳಗಿನ ನೀರು ಕೆಳಕ್ಕೆ, ಚಪ್ಪಡಿಯ ಕಡೆಗೆ ತಿರುಗುತ್ತದೆ. ಅಲ್ಲಿ ಕಬ್ಬಿಣದ ಕಂಬಿಗಳಿವೆ. ಕಾಂಕ್ರೀಟಿನ ಕ್ಷಾರಗುಣ ಕಂಬಿಗಳನ್ನು ಬಹುಕಾಲ ಕಾಪಾಡುತ್ತದೆ. ಆ ಗುಣ ಕುಂದಿದ ಕಡೆ ತೇವ ಮತ್ತು ಆಮ್ಲಜನಕ ಸೇರಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಎರಡು ಪಟ್ಟಿಗೂ ಮಿಕ್ಕುದು. ಅದು ಹಿಗ್ಗಿ ಕಾಂಕ್ರೀಟನ್ನು ಒಡೆಯುತ್ತದೆ. ಕೆಳಗಿನ ಮನೆಯವರ ತಲೆಯ ಮೇಲೆ ಚಾವಣಿಯ ಹಕ್ಕಳೆಗಳು ಬೀಳತೊಡಗುತ್ತವೆ. ನಮಗೆ ಕಾಣುತ್ತಿದ್ದ ಒದ್ದೆ ಕಡಮೆ ಕೇಡಿನದು. ಕಾಣದಂತೆ ನಾವು ಮುಚ್ಚಿದ ಒದ್ದೆ ಹೆಚ್ಚು ಕೇಡಿನದು.

ಆದುದರಿಂದ ಮುಂದೆ ಮನೆಯಲ್ಲಾಗಲಿ ವಿದ್ಯಾರ್ಥಿನಿಲಯದಲ್ಲಾಗಲಿ ಆರದ ನೆಲ ಕಂಡರೆ, ನಮ್ಮ ಓದುಗರು ಮೊದಲು ಬಟ್ಟೆಯನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದುಕೊಂಡು ಒಂದು ವಾರದ ಲೆಕ್ಕ ಬರೆಯಲಿ. ಗಾರೆ ಕೆಲಸದವರು ಬಂದಾಗ ಆ ಪುಟವನ್ನು ಅವರ ಮುಂದಿಟ್ಟರೆ, ಸುತ್ತಿಗೆ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದು ಇಬ್ಬರಿಗೂ ತಿಳಿಯುತ್ತದೆ.